ಎರಡೂ ಚರ್ಚೆಯಾಗಲಿ

ಡರ್ವ್ಲಾ ಹ್ಯಾನ್ರಟಿ ನಮ್ಮ ಕಿಲ್‌ಬ್ರ್ಯಾಕನ್ ಊರಿನ ಔಷಧಿ ಅಂಗಡಿಯವರ ಮಗಳು. ಆಳುವ ಪಕ್ಷದಿಂದ ಐರ್ಲೆಂಡಿನ ಮೇಲ್ಮನೆಗೆ ಹೋದವಳು. ಆ ಬೆಳಿಗ್ಗೆ ಫಿಂಟನ್ ಲೂಬಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಅವಳಿದ್ದಲ್ಲಿಗೆ, ಡಬ್ಲಿನ್‌ಗೆ, ಕರೆದೊಯ್ದವನು ನಾನು.

ಫಿಂಟನ್ ಪಾದ್ರಿಗಳ ಅನಾಥಾಲಯದಲ್ಲಿ ಬೆಳೆದವನು. ಅಲ್ಲೊಬ್ಬ ಪಾದ್ರಿ ಅವನಿಗೇನು ಮಾಡಿದ ಎಂಬುದು ಇಡೀ ಊರಿಗೆ ಗೊತ್ತಿತ್ತು, ಬಾಯಿಬಿಟ್ಟು ಆಡಿದವರಿಲ್ಲ. ಆಗ ಅದನ್ನು ಬಿಷಪ್ಪರ ಮುಂದೆ ಹೇಳಿದ್ದು ಒಬ್ಬಳೇ, ಅಡುಗೆಮನೆಯಲ್ಲಿದ್ದ ಎಳೆಯ ಸನ್ಯಾಸಿನಿ ಸಿಸ್ಟರ್ ಕನ್ಸೀಲಿಯೊ. ಹೇಳಿದ್ದಕ್ಕೆ ಅವಳನ್ನು ಆಫ್ರಿಕಕ್ಕೆ ಸಾಗಹಾಕಿದರು. ಈಗ ಮುದುಕಿಯಾಗಿ, ಡಾರ್ಫರ್ ಯುದ್ಧದಿಂದ ಗಡಿಯಾಚೆಗೆ ಓಡಿಬಂದವರ ಶಿಬಿರದಲ್ಲಿ ಗಂಜಿ ಬಡಿಸುತ್ತಿದ್ದಳು. ಯುದ್ಧ ಗಡಿ ದಾಟಿ ಆ ಶಿಬಿರದ ಹತ್ತಿರಕ್ಕೇ ಬಂದಿತ್ತು.

ಮೇಲ್ಮನೆಯ ಪಡಸಾಲೆಯಲ್ಲಿ ಸದನದ ನಾಯಕ ಮಾಲಾಕಿ ಟ್ವೋಮಿ ನಮ್ಮೆದುರಿಗೇ ಡರ್ವ್ಲಾಳನ್ನು ತಡೆದ.

"ನೋಡಮ್ಮ, ಪಾದ್ರಿಗಳ ವಿಷಯ ಚರ್ಚೆಗೆ ಕೇಳ್ತೀಯೋ, ಯುದ್ಧದ ವಿಷಯ ಕೇಳ್ತೀಯೋ, ಒಂದು ಆರಿಸ್ಕೋ. ಎರಡೂ ಕೇಳಿದ್ರೆ ಎರಡೂ ಸಿಗಲ್ಲ."

ಅವನು ಅತ್ತ ಹೋದಮೇಲೆ ಫಿಂಟನ್ ಟೋಪಿ ಕೈಯಲ್ಲಿ ಹಿಡಿದು ಹೇಳಿದ: "ಯುದ್ಧದ್ದೇ ಕೇಳು, ಮಾರಾಯ್ತಿ. ನಂದು ಹಳೇ ಗಾಯ, ಇನ್ನೊಂದಷ್ಟು ದಿನ ತಡ್ಕೊಳುತ್ತೆ. ಅಲ್ಲಿ ಗುಡಿಸಲು ಈಗ ಉರೀತಿವೆ."

"ನಿಮ್ಮದನ್ನ ಮುಂದಕ್ಕೆ ಹಾಕ್ತಾ ಹಾಕ್ತಾನೇ ಇಲ್ಲೀವರೆಗೆ ಬಂದಿದೀವಿ, ಫಿಂಟನ್," ಎಂದಳು ಡರ್ವ್ಲಾ. "ಇನ್ನು ಸಾಕು. ಮೇಲೆ ಹೋಗಿ ಕೂತ್ಕೊಳ್ಳಿ."

ನಾವಿಬ್ಬರೂ ಮೇಲಿನ ಗ್ಯಾಲರಿಯಲ್ಲಿ ಕುಳಿತೆವು. ದಿನದ ಕಾರ್ಯಕಲಾಪಕ್ಕೆ ತಿದ್ದುಪಡಿ ಸೂಚಿಸುತ್ತ ಅವಳು ಎದ್ದಳು: ಪಾದ್ರಿಗಳ ದೌರ್ಜನ್ಯದ ಬಗ್ಗೆ ಚರ್ಚೆಯಾಗಬೇಕು, ಡಾರ್ಫರ್ ಬಗ್ಗೆಯೂ ಆಗಬೇಕು, ತಡಮಾಡದೆ.

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಚರ್ಚಿನ ಮೇಲೂ ಯುದ್ಧ, ಮರುಭೂಮೀಲೂ ಯುದ್ಧ! ಮೇಡಂಗೆ ಸೇನಾಪತಿ ಆಗೋ ಆಸೆ!"

ಸದನ ನಕ್ಕಿತು. ಅವಳೂ ನಕ್ಕಳು. "ಹುದ್ದೆ ಖಾಲಿ ಇದ್ರೆ ಹೇಳಿ, ಅರ್ಜಿ ಹಾಕ್ತೀನಿ. ಅಲ್ಲೀವರೆಗೆ ಬಾಯಿ ಮುಚ್ಕೊಂಡು ಕೇಳಿಸ್ಕೊಳ್ಳಿ. ಇಲ್ಲಿ ಮಕ್ಕಳು ಅತ್ತಾಗ ನಾವು ಆಕಡೆ ಮುಖ ತಿರುಗಿಸಿದ್ವಿ. ಅಲ್ಲಿ ಮಕ್ಕಳು ಅಳ್ತಿರುವಾಗ್ಲೂ ಅದನ್ನೇ ಮಾಡ್ತಿದೀವಿ. ಇದು ಒಂದೇ ಚಾಳಿ, ಅಧ್ಯಕ್ಷರೇ. ಅದಕ್ಕೇ ಎರಡನ್ನೂ ಕೇಳ್ತಿದೀನಿ."

ಸೂಚನೆಗೆ ಅನುಮೋದಕರು ಬೇಕಿತ್ತು. ಮೊದಲು ಯಾರೂ ಏಳಲಿಲ್ಲ. ಆಮೇಲೆ ಎದ್ದವನು ಇಗ್ನೇಷಿಯಸ್ ಕಾಸ್ಟಿಗನ್, ಅವಳದೇ ಪಕ್ಷದ ಹಿರಿಯ, ಮಹಾ ದೈವಭಕ್ತ. ಈಗ ಉಗಿಯುತ್ತಾನೆ ಎಂದುಕೊಂಡು ಫಿಂಟನ್ ತಲೆ ತಗ್ಗಿಸಿದ.

"ನಾನು ದಿನಾ ಚರ್ಚಿಗೆ ಪೂಜೆಗೆ ಹೋಗೋನು," ಎಂದ ಮುದುಕ. "ನಾಳೇನೂ ಹೋಗ್ತೀನಿ. ಅಲ್ಲಿ ನೆಟ್ಟಗೆ ಮಂಡಿಯೂರಬೇಕು ಅಂದ್ರೆ ಇವತ್ತು ಇಲ್ಲಿ ಎದ್ದು ನಿಲ್ಲಲೇಬೇಕು. ಅನುಮೋದಿಸ್ತೀನಿ."

ಅವನ ಬೆನ್ನಿಗೆ ಇನ್ನೂ ಹಲವರು ಎದ್ದರು, ಎರಡೂ ಕಡೆಯಿಂದ. ಮತಕ್ಕೆ ಹಾಕಿದರೆ ತಾನು ಸೋಲುತ್ತೇನೆಂದು ಟ್ವೋಮಿಗೆ ಅರ್ಥವಾಯಿತು. ಪಾದ್ರಿಗಳ ವಿಷಯ ಮಧ್ಯಾಹ್ನವೇ, ಡಾರ್ಫರ್ ಮರುದಿನ ಬೆಳಿಗ್ಗೆ ಎಂದು ಒಪ್ಪಿಕೊಂಡ. ಹೊರಗೆ ಬಂದವನೇ ಅವಳ ಹತ್ತಿರ ಬಂದು, "ನಿನಗೆ ಅಂತ ಇಟ್ಟಿದ್ದ ಸಮಿತಿ ಅಧ್ಯಕ್ಷಗಿರಿ ಮರೆತುಬಿಡು," ಎಂದ.

"ಮರೆತೆ," ಎಂದಳು ಡರ್ವ್ಲಾ. "ಊಟಕ್ಕೆ ಬರ್ತೀಯಾ?"

ಮಧ್ಯಾಹ್ನ ಅವಳು ಫಿಂಟನ್ನನ ಒಪ್ಪಿಗೆ ಪಡೆದು ಅವನ ಕಥೆಯನ್ನು ಸದನದ ಮುಂದಿಟ್ಟಳು. ಸಿಸ್ಟರ್ ಕನ್ಸೀಲಿಯೊಳ ಹೆಸರನ್ನೂ ಹೇಳಿದಳು. ಅವನು ಗ್ಯಾಲರಿಯ ಕಂಬಿ ಬಿಗಿಹಿಡಿದು ಕೇಳಿದ. ನಡುವೆ ಎದ್ದುಹೋದಾಗ ಇನ್ನು ಬರಲಾರನೆಂದುಕೊಂಡೆ. ಸಿಗರೇಟು ಸೇದಿ ವಾಪಸು ಬಂದು ಕೊನೆಯವರೆಗೂ ಕುಳಿತ.

ಮರುದಿನದ ಚರ್ಚೆಯಲ್ಲಿ ಮಂತ್ರಿ ಶಾಂತಿಪಾಲನಾ ಪಡೆಯಿಂದ ಶಿಬಿರಕ್ಕೆ ಹೆಚ್ಚಿನ ಕಾವಲು ಕೇಳುವುದಾಗಿ ಮಾತು ಕೊಟ್ಟರು. ಬೇಸಿಗೆಯೊಳಗೆ ಕಾವಲೂ ಬಂತು. ಸಿಸ್ಟರ್ ಮಾತ್ರ, ನಾವು ಕರೆದರೂ, ಊರಿಗೆ ಮರಳಲು ಒಪ್ಪಲಿಲ್ಲ. ಇಲ್ಲಿ ಕೈತುಂಬ ಕೆಲಸವಿದೆ ಎಂದಳಂತೆ.

ಚರ್ಚೆಯ ಮೊದಲ ದಿನದ ಸಂಜೆ ನಾವಿಬ್ಬರೂ ಕಾರಿನಲ್ಲಿ ಊರಿಗೆ ಮರಳಿದೆವು. ದಾರಿಯಲ್ಲಿ ಮುಲಿಂಗಾರ್ ಪಟ್ಟಣ ದಾಟಿದ ಮೇಲೆ ಫಿಂಟನ್ ಆ ಪಾದ್ರಿಯ ಹೆಸರನ್ನು ಗಟ್ಟಿಯಾಗಿ ಹೇಳಿದ. ಅವನ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಮತ್ತೊಮ್ಮೆ ಹೇಳಿ, ಕಿಟಕಿ ಇಳಿಸಿ ಗಾಳಿಗೆ ಮುಖವೊಡ್ಡಿದ.