ಐದು ನಿಮಿಷದ ಬಿಲ್ಲೆ

ಕಟರ್ ಮೊಳೆಯಿಂದ ಬಿಲ್ಲೆ ತೆಗೆಯುವಾಗ ಪ್ರೆಸ್ಸಿನ ಮೇಸ್ತ್ರಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿದ.

"ಸಿಗರೇಟು ಬಿಟ್ಟಿದ್ದೀಯ ಅಂತಲ್ಲ?"

"ಹೌದು. ಇವತ್ತಿಗೆ ಒಂಬತ್ತು ದಿನ."

"ಮತ್ತೆ ಬಿಲ್ಲೆ ಯಾಕೆ?"

"ಹೊರಗೆ ಹೋಗೋಕೆ."

"ಹೋಗಿ ಏನ್ ಮಾಡ್ತೀಯ?"

ಅವನು ಹಿಂಬಾಗಿಲ ಕಡೆ ನೋಡಿದ. ಬಿಲ್ಲೆ ಕೈಯಲ್ಲಿಯೇ ಉಳಿಯಿತು.

ಪ್ರೆಸ್ಸಿನಲ್ಲಿ ಎಲ್ಲೆಲ್ಲೂ ಕಾಗದ. ಒಳಗೆ ಬೆಂಕಿಕಡ್ಡಿ ಗೀರುವಂತಿಲ್ಲ. ಹಾಗಾಗಿ ಎಷ್ಟೋ ವರ್ಷಗಳ ಹಿಂದೆ ಯಾರೋ ಹಿಂಬಾಗಿಲ ಪಕ್ಕದ ಮೊಳೆಗೆ ನಾಲ್ಕು ಹಿತ್ತಾಳೆ ಬಿಲ್ಲೆಗಳನ್ನು ತೂಗುಹಾಕಿದ್ದರು. ಸೇದುವವರು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಬಿಲ್ಲೆ ಹಿಡಿದು ಹಿತ್ತಿಲಿಗೆ ಹೋಗಬಹುದು. ಐದು ನಿಮಿಷಕ್ಕೆ ವಾಪಸಾಗಬೇಕು. ಸೇದದವರಿಗೆ ಬಿಲ್ಲೆಯಿಲ್ಲ. ಹೀಗೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯ ಬಿದ್ದಿರಲಿಲ್ಲ.

ಕಾಗದ ಕತ್ತರಿಸುವ ಯಂತ್ರ ಅವನದು. ಆದ್ದರಿಂದ ಎಲ್ಲರಿಗೂ ಅವನು ಕಟರ್. ಆರು ಸಲ ಸಿಗರೇಟು ಬಿಟ್ಟಿದ್ದ. ಆರು ಸಲವೂ ಬಿಲ್ಲೆಯನ್ನೂ ಬಿಟ್ಟಿದ್ದ. ಬ್ಲೇಡಿನ ಕೆಳಗೆ ಕಾಗದದ ದಿಂಡು ತಳ್ಳುವುದು, ಪೆಡಲ್ ಒತ್ತುವುದು, ಮತ್ತೆ ತಳ್ಳುವುದು. ಬೆಳಿಗ್ಗೆ ನಿಂತರೆ ಊಟಕ್ಕೇ ಕದಲುವುದು. ಬೇರೆಯವರು ಹಿಂಬಾಗಿಲು ತೆರೆದಾಗಲೆಲ್ಲ ಒಂದು ಪಟ್ಟಿ ಬಿಸಿಲು ಅವನ ಯಂತ್ರದ ಕಾಲಿನವರೆಗೆ ಬಂದು ಹಿಂದೆ ಸರಿಯುತ್ತಿತ್ತು. ಹತ್ತು, ಹನ್ನೊಂದನೆಯ ದಿನ ಮುದ್ರಣ ಯಂತ್ರ ನಡೆಸುವ ಲಂಬುವಿನ ಹತ್ತಿರ ಹೋಗಿ "ಒಂದು ಕೊಡೋ" ಎನ್ನುತ್ತಿದ್ದ.

"ಬಿಡೋದ್ರಲ್ಲಿ ನಿನ್ನಂಥ ಅನುಭವಸ್ಥ ಇನ್ನೊಬ್ಬನಿಲ್ಲ ಬಿಡು," ಎಂದು ಲಂಬು ಪೊಟ್ಟಣ ಚಾಚುತ್ತಿದ್ದ.

ಏಳನೆಯ ಸಲಕ್ಕೆ ಕಾರಣ ಮನೆಯ ಮೆಟ್ಟಿಲು. ಮೂರನೆಯ ಮಹಡಿ. ಎರಡನೆಯದರ ತಿರುವಿನಲ್ಲಿ ಏದುಸಿರು ಬಿಡುತ್ತ ಕಂಬಿ ಹಿಡಿದು ನಿಂತಿದ್ದ. ಮೇಲೆ ಓಡಿದ್ದ ಐದು ವರ್ಷದ ಮಗಳು ಇಳಿದು ಬಂದು ಅವನ ಪಕ್ಕದ ಮೆಟ್ಟಿಲಲ್ಲಿ ಕೂತಳು. "ಪರವಾಗಿಲ್ಲ ಅಪ್ಪ, ನಾನು ಕಾಯ್ತೀನಿ," ಎಂದಳು. ಮುದುಕರ ಜೊತೆ ಮಾತಾಡುವ ಹಾಗೆ. ಅವನಿಗೆ ಮೂವತ್ತೆಂಟು.

ಈ ಸಲ ಎಂಟನೆಯ ದಿನ ಬಿಸಿಲಿನ ಪಟ್ಟಿ ಬಂದು ಹೋದಾಗ ಅವನಿಗೆ ಒಂದು ವಿಷಯ ಹೊಳೆಯಿತು. ತಾನು ಪ್ರತಿ ಸಲ ಮರಳಿ ಹೋಗಿದ್ದು ಹೊಗೆಗೆ ಎಷ್ಟೋ, ಆ ಬಾಗಿಲಿಗೂ ಅಷ್ಟೇ. ಬಾಗಿಲು ಬಿಡದೆ ಸಿಗರೇಟು ಬಿಡಬೇಕು.

ಆದರೆ ಈಗ ಮೇಸ್ತ್ರಿ ಉತ್ತರಕ್ಕೆ ಕಾಯುತ್ತಿದ್ದ. ಕೊನೆಗೆ ತಾನೇ ದಾರಿ ಹುಡುಕಿದ. ಜೇಬಿನಿಂದ ಒಂದು ಸಿಗರೇಟು ತೆಗೆದು ಕೊಟ್ಟ. "ಸೇದಬೇಡ. ಹಚ್ಕೊಂಡು ಸುಮ್ನೆ ಕೈಲಿ ಹಿಡ್ಕೋ. ನನ್ನ ನಿಯಮಾನೂ ಉಳಿಯುತ್ತೆ, ನಿನ್ನ ಐದು ನಿಮಿಷಾನೂ ಉಳಿಯುತ್ತೆ."

ಕೆಟ್ಟ ಮನುಷ್ಯನಲ್ಲ ಮೇಸ್ತ್ರಿ. ಕಟರ್ ಒಪ್ಪಿಕೊಂಡ.

ಹಿತ್ತಿಲಲ್ಲಿ ಲಂಬು ಅದನ್ನು ಹಚ್ಚಿಕೊಟ್ಟ. "ನಿನ್ನ ಪರವಾಗಿ ಮೊದಲನೇ ದಮ್ಮು ನಾನೇ ಎಳ್ದಿದೀನಿ." ಕಟರ್ ಅದನ್ನು ಮೈಯಿಂದ ದೂರ ಹಿಡಿದು ನಿಂತ. "ಥರ್ಮಾಮೀಟರ್ ಹಿಡ್ಕೊಂಡ ನರ್ಸಮ್ಮನ ಹಾಗೆ ಕಾಣ್ತಿದೀಯ," ಎಂದು ಲಂಬು ಕೆಮ್ಮುವವರೆಗೆ ನಕ್ಕ. ಬೂದಿ ಉದ್ದವಾಯಿತು, ಬಾಗಿತು, ಬಿತ್ತು. ಮಧ್ಯಾಹ್ನವೂ ಹಾಗೆಯೇ.

ಮರುದಿನ ಬೆಳಿಗ್ಗೆ ಕೈ ತಾನಾಗಿ ಮೇಲೆ ಹೋಯಿತು. ಹೊಗೆ ಎದೆಗೆ ಇಳಿದ ಮೇಲೆಯೇ ಅವನಿಗೆ ತಿಳಿದದ್ದು.

ಸಂಜೆ ಹೆಂಡತಿ ಅವನ ಅಂಗಿಯನ್ನು ಬಕೆಟ್ಟಿಗೆ ಹಾಕುವ ಮೊದಲು ಮೂಗಿಗೆ ಹಿಡಿದಳು.

"ಎಷ್ಟು?"

"ಸೇದಲಿಲ್ಲ. ಹಿಡ್ಕೊಂಡಿದ್ದೆ ಅಷ್ಟೆ."

"ಯಾಕೆ, ಅದಿನ್ನೂ ನಡೆಯೋದು ಕಲ್ತಿಲ್ವಾ?"

ಅವನು ಮೇಸ್ತ್ರಿಯ ಉಪಾಯ ಹೇಳಿದ. ಹೇಳುತ್ತ ಹೇಳುತ್ತ ಅದು ಎಷ್ಟು ಪೊಳ್ಳು ಎಂದು ಅವನಿಗೇ ಗೊತ್ತಾಯಿತು. "ಎರಡು ದಮ್ಮು," ಎಂದ ಕೊನೆಗೆ.

ಅವಳು ಅಂಗಿಯನ್ನು ನೀರಿಗೆ ಅದ್ದಿದಳು. ಕಾಲರನ್ನು ಉಜ್ಜತೊಡಗಿದಳು, ಅಲ್ಲಿ ಕೊಳೆ ಇಲ್ಲದಿದ್ದರೂ.

"ನಿಮಗೆ ಆಸೆಯಾಗಿ ಸೇದಿದ್ರೆ ಅದು ಬೇರೆ. ಆ ಮನುಷ್ಯನ ನಿಯಮ ಉಳಿಸೋಕೆ ಸೇದಿದ್ರಿ ಅಂದ್ರೆ ನಂಗೆ ಮೈಯೆಲ್ಲ ಉರಿಯುತ್ತೆ. ಅವನ ನಿಯಮ ಇವಳನ್ನ ಸಾಕುತ್ತಾ?" ಒಳಗೆ ಮಗಳು ಗೊಂಬೆಗೆ ಏನೋ ಬೈಯುತ್ತಿದ್ದಳು.

ಮರುದಿನ ಹತ್ತೂವರೆಗೆ ಕಟರ್ ಯಂತ್ರ ನಿಲ್ಲಿಸಿ ಬಿಲ್ಲೆ ತೆಗೆದುಕೊಂಡ. ಮೇಸ್ತ್ರಿ ಸಿಗರೇಟು ಚಾಚಿದ.

"ಬೇಡ."

"ಹಾಗಾದ್ರೆ ಬಿಲ್ಲೆ ಇಡು."

"ಇಡಲ್ಲ."

ಪಕ್ಕದ ಮೇಜಿನಲ್ಲಿ ಪುಸ್ತಕ ಹೊಲಿಯುವ ಅಕ್ಕ ಸೂಜಿಯನ್ನು ಅರ್ಧ ಎಳೆದು ನಿಲ್ಲಿಸಿದಳು.

"ನೋಡಪ್ಪ," ಮೇಸ್ತ್ರಿ ಸ್ವರ ತಗ್ಗಿಸಿದ. "ಬರೀ ಕೈಲಿ ಹೋಗಿ ನಿಂತ್ರೆ ಅದನ್ನ ಸೋಮಾರಿತನ ಅಂತಾರೆ."

"ಸೇದ್ತಾ ನಿಂತ್ರೆ?"

"ಅದು ಅಭ್ಯಾಸ. ಅದಕ್ಕೇನ್ ಮಾಡೋಕಾಗುತ್ತೆ?"

"ಹಾಗಾದ್ರೆ ಇದೂ ಅಭ್ಯಾಸವೇ. ನಿನ್ನೆವರೆಗೆ ಇರ್ಲಿಲ್ಲ, ಇವತ್ತಿಂದ ಇದೆ."

"ಮಾಲೀಕರಿಗೆ ಹೇಳ್ಬೇಕಾಗುತ್ತೆ."

"ಹೇಳಿ. ಇದನ್ನೂ ಹೇಳಿ." ಕಟರ್ ಬಲಗೈಯನ್ನು ಮೇಸ್ತ್ರಿಯ ಮುಖದ ಮುಂದೆ ಚಾಚಿದ. "ಈ ಕೈಯನ್ನ ದಿನಕ್ಕೆ ಎಂಟು ಗಂಟೆ ಬ್ಲೇಡಿನ ಕೆಳಗೆ ಇಡ್ತೀನಿ. ಹತ್ತು ನಿಮಿಷ ಅದು ನಂದು."

ಹಿಂಬಾಗಿಲು ತಳ್ಳಿಕೊಂಡು ಹೊರಗೆ ಹೋದ.

ಹಿತ್ತಿಲಲ್ಲಿ ಮುರಿದ ಮರದ ಚೌಕಟ್ಟುಗಳು, ಒಂದು ನಲ್ಲಿ, ಸಿಗರೇಟಿನ ಮೋಟುಗಳಿಂದ ತುಂಬಿದ ಮರಳಿನ ಬಕೆಟ್ಟು. ಇಷ್ಟು ವರ್ಷ ಇಲ್ಲಿ ನಿಂತಿದ್ದರೂ ಎದುರಿನ ಗೋಡೆಯಲ್ಲಿ ಒಂದು ಮುಚ್ಚಿದ ಕಿಟಕಿ ಇರುವುದನ್ನು ಅವನು ನೋಡಿರಲಿಲ್ಲ. ಕೈಗಳನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಜೇಬಿಗೆ ಹಾಕಿದ, ತೆಗೆದ, ಹಿಂದೆ ಕಟ್ಟಿಕೊಂಡ. ಬಾಯಿ ಒಣಗಿತ್ತು. ಲಂಬುವಿನ ಸಿಗರೇಟಿನ ವಾಸನೆ ಎಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಅಳು ಬರುವಂತಾಯಿತು. ಐದು ನಿಮಿಷ ಇಷ್ಟು ಉದ್ದವೆಂದು ಅವನಿಗೆ ಗೊತ್ತಿರಲಿಲ್ಲ.

ಲಂಬು ಗಾಳಿ ಎತ್ತ ಬೀಸುತ್ತಿದೆಯೆಂದು ನೋಡಿ ನಲ್ಲಿಯ ಆಚೆ ಹೋಗಿ ನಿಂತ.

ಆಗ ಬಾಗಿಲು ಮತ್ತೆ ತೆರೆಯಿತು. ಹೊಲಿಗೆಯ ಅಕ್ಕ. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ಅದೇ ಕುರ್ಚಿ. ಕೆಲಸದ ಹೊತ್ತಿನಲ್ಲಿ ಅವಳು ಹೊಸ್ತಿಲು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಅವಳ ಬೆರಳಲ್ಲಿ ಒಂದು ಬಿಲ್ಲೆ ನೇತಾಡುತ್ತಿತ್ತು.

"ನೀವೂ ಶುರು ಮಾಡಿದ್ರಾ ಅಕ್ಕಾ?" ಎಂದ ಲಂಬು.

"ಹೂಂ ಕಣಪ್ಪ. ಈ ವಯಸ್ಸಲ್ಲಾದ್ರೂ ಒಂದು ಅಭ್ಯಾಸ ಬೇಡ್ವಾ?"

ಅವಳು ಕಟರನ ಪಕ್ಕ ಬಂದು ಗೋಡೆಗೆ ಒರಗಿದಳು. ಬಗ್ಗಿ ಬಗ್ಗಿ ಗೂನಾದ ಬೆನ್ನು ಗೋಡೆಗೆ ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಇಲ್ಲಿ ಏನ್ ಮಾಡ್ಬೇಕು?"

"ಏನೂ ಇಲ್ಲ ಅಕ್ಕ. ನಂಗೂ ಹೊಸದು."

"ಇನ್ನೆಷ್ಟು ಹೊತ್ತಿದೆ?"

"ನಿಮಗೆ ನಾಲ್ಕು ನಿಮಿಷ. ನಂಗೆ ಎರಡು."

ಅವಳು ಕಣ್ಣು ಮುಚ್ಚಿ ಮುಖವನ್ನು ಬಿಸಿಲಿಗೆ ಎತ್ತಿದಳು. ದಾರ ಎಳೆದೆಳೆದು ಗೆರೆ ಬಿದ್ದ ತೋರುಬೆರಳನ್ನು ನಿಧಾನವಾಗಿ ಮಡಿಸಿದಳು, ಬಿಡಿಸಿದಳು.

ಮೇಸ್ತ್ರಿ ಗಡಿಯಾರ ನೋಡಿಕೊಳ್ಳುತ್ತ ಹೊಸ್ತಿಲವರೆಗೆ ಬಂದ. ಹೊರಗೆ ಕಾಲಿಡಲಿಲ್ಲ, ಒಳಗೂ ಹೋಗಲಿಲ್ಲ. ಅವನ ಬೆನ್ನ ಹಿಂದೆ, ತೆರೆದ ಬಾಗಿಲಿನ ಗಾಳಿಗೆ, ಮೊಳೆಯಲ್ಲಿ ಉಳಿದಿದ್ದ ಒಂದೇ ಬಿಲ್ಲೆ ಸಣ್ಣಗೆ ತೂಗಾಡುತ್ತಿತ್ತು.