ಮುಖ್ತಾರನ ಮಾನ

ಲೆಬನಾನಿನ ಟ್ರಿಪೋಲಿಯ ಆ ಮೊಹಲ್ಲಾದಲ್ಲಿ ಜನನ ಮರಣ ದಾಖಲಿಸುವ ಮುಖ್ತಾರ್ ಅಬೂ ಮುನೀಫನ ಮುದ್ರೆ ಬೀಳದೆ ಹುಟ್ಟಿದ ಕೂಸಿಗೆ ಹೆಸರಿಲ್ಲ, ಸತ್ತ ಹೆಣಕ್ಕೆ ಗುಂಡಿಯಿಲ್ಲ. ಅಂಥ ದೊಡ್ಡ ಮನುಷ್ಯನ ಎದುರು ನುಹಾದ್ ಟೀಚರ್ ತನ್ನ ಮಗಳು ಯುಮ್ನಾಳ ಜೊತೆ ಕೂತಿದ್ದಳು.

ಯುಮ್ನಾ ನರ್ಸಿಂಗಿನಲ್ಲಿ ಮೊದಲ ಸ್ಥಾನದಲ್ಲಿ ಪಾಸಾದವಳು. ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕಲು ಸೋಮವಾರವೇ ಕಡೆಯ ದಿನ. ಆದರೆ ತೀರಿಹೋದ ಅವಳ ಅಪ್ಪ, ದರ್ಜಿ ಸಾದೂನ್, ಇರಾಕಿನವನು. ಮಕ್ಕಳಿಗೆ ಅಪ್ಪನ ದೇಶವೇ ಅನ್ನುತ್ತದೆ ಇಲ್ಲಿನ ಕಾನೂನು; ಹಾಗಾಗಿ ಇಲ್ಲೇ ಹುಟ್ಟಿ ಬೆಳೆದ ಹುಡುಗಿ ಪರದೇಶಿ, ಸರ್ಕಾರಿ ಕೆಲಸಕ್ಕೆ ಸಲ್ಲದವಳು. ಹೆತ್ತವಳು ಈ ನೆಲದವಳಾದರೇನು? ಕಾನೂನು ಬರೆದ ಮಹಾನುಭಾವರೆಲ್ಲ ಅಪ್ಪನ ಹೊಟ್ಟೆಯಿಂದಲೇ ಉದುರಿದವರಿರಬೇಕು!

ಅಬೂ ಮುನೀಫ್ ಕಾಫಿ ಹೀರುತ್ತಾ ಗೋಡೆಯ ಫೋಟೋ ತೋರಿಸಿದ. "ಬ್ರೆಜಿಲ್‌ನಲ್ಲಿರೋ ನನ್ನ ಮೊಮ್ಮಕ್ಕಳು. ನಾಲ್ಕು ಜನಾನೂ ಈ ದೇಶದ ಪ್ರಜೆಗಳು ಅಂತ ನಾನೇ ಹೆಸರು ಬರೆಸಿದೀನಿ."

"ಅರಬ್ಬಿ ಬರುತ್ತಾ?" ಎಂದಳು ನುಹಾದ್.

"ಎಲ್ಲಿಂದ ಬರ್ಬೇಕು? ಆದ್ರೂ ಮಗನ ಮಕ್ಕಳಲ್ವಾ!"

ಆಮೇಲೆ ದನಿ ತಗ್ಗಿಸಿದ. "ಟೀಚರಮ್ಮಾ, ಒಂದು ದಾರಿ ಇದೆ. ನಿಕಾಹೇ ಆಗಿರ್ಲಿಲ್ಲ, ಅಪ್ಪ ಯಾರೋ ಗೊತ್ತಿಲ್ಲ ಅಂತ ಬರ್ಕೊಡಿ. ಅಪ್ಪ ಯಾರಂತ ಗೊತ್ತಿಲ್ದಿರೋ ಮಗೂಗೆ ಅಮ್ಮನ ದೇಶ ಸಿಗುತ್ತೆ. ನಿಮ್ಮ ನಿಕಾಹ್ ಕಾಗದ ನನ್ನ ಪೆಟ್ಟಿಗೇಲಿದೆ. ಕಳೆದುಹೋಯ್ತು ಅಂದ್ರಾಯ್ತು."

ಯುಮ್ನಾ ತಲೆ ತಗ್ಗಿಸಿದಳು. ನುಹಾದಳಿಗೆ ಮೈ ಉರಿಯಿತು. ಗರತಿಯಾಗಿ ಬಾಳಿದ್ದೇ ತಪ್ಪಾಯಿತೇ? ಆದರೂ ಪೆನ್ನು ಎಳೆದುಕೊಂಡಳು.

"ಆಯ್ತು, ಬರೀತೀನಿ. ಸಾಕ್ಷಿ ಬೇಕಾ?"

"ಮೊಹಲ್ಲಾದವರು ಇಬ್ಬರು."

"ಮೊದಲನೇ ಸಾಕ್ಷಿ ನೀವೇ. 'ನನ್ನ ಮೊಹಲ್ಲಾದಲ್ಲಿ ಈ ಹೆಂಗಸು ಹದಿನೆಂಟು ವರ್ಷ ನಿಕಾಹ್ ಇಲ್ದೆ ಒಬ್ಬ ಗಂಡಸಿನ ಜೊತೆ ಸಂಸಾರ ಮಾಡಿದ್ಳು, ನಾನು ನೋಡ್ಕೊಂಡು ಸುಮ್ನಿದ್ದೆ' ಅಂತ ಬರೆದು ರುಜು ಹಾಕಿ."

ಮುಖ್ತಾರ ಕಾಫಿ ಲೋಟ ಕೆಳಗಿಟ್ಟ. "ಅಯ್ಯಯ್ಯೋ! ನಿಮ್ಮ ನಿಕಾಹ್‌ಗೆ ಸಾಕ್ಷಿ ನಿಂತವನೇ ನಾನು, ಊರಿಗೆಲ್ಲ ಗೊತ್ತು. ನನ್ನ ಮಾನ ಏನಾಗ್ಬೇಕು?"

"ನಂದು ಬಿಟ್ಟಿ, ನಿಮ್ಮದು ಬಂಗಾರವಾ?"

ಅಬೂ ಮುನೀಫ್ ಪೆನ್ನು ಮುಟ್ಟಲಿಲ್ಲ. ಪರದೇಶಿಯಾಗಿಯೇ ಇಲ್ಲಿರಲು ಯುಮ್ನಾ ತಂದಿದ್ದ ವಾಸದ ಪರವಾನಗಿಯ ಅರ್ಜಿಗೆ ಮುದ್ರೆ ಕುಟ್ಟಿ ಇತ್ತ ನೂಕಿದ. ಇನ್ನೂ ಮೂರು ವರ್ಷ ಅವಳು ಹೆತ್ತಮ್ಮನ ಮನೆಯಲ್ಲಿ ಅತಿಥಿ. ಆಸ್ಪತ್ರೆಯ ಕೆಲಸ ಇನ್ಯಾರದೋ ಪಾಲು.

ಬೀದಿಗೆ ಬಂದ ಮೇಲೆ ಯುಮ್ನಾ ಕೇಳಿದಳು, "ಅಮ್ಮಾ, ಅವ್ನು ರುಜು ಹಾಕಿದ್ರೆ ನೀನೂ ಹಾಕ್ತಿದ್ಯಾ?"

"ಹಾಕ್ತಿದ್ದೆ ಕಣೇ," ಎಂದಳು ನುಹಾದ್. "ನಿಮ್ಮಪ್ಪನ್ನ ಇನ್ನೊಂದು ಸಲ ಮಣ್ಣು ಮಾಡ್ತಿದ್ದೆ."