ಮುಳ್ಳೆತ್ತಿದ ಜಾಗ

ಕೊಡಗು ಮೈಸೂರಿಗೆ ಸೇರಿದ ವರ್ಷ ನನ್ನ ಭಾವ ಶಿವಶಂಕರಪ್ಪನವರಿಗೆ ಗಂಟಲಿನ ಆಪರೇಷನ್ ಆಗಿ ಮಾತು ಹೋಯಿತು. ಆಮೇಲೆ ನನ್ನ ಅಕ್ಕ ಕಾಂತಮ್ಮನನ್ನು ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು. ಅವರ ದನಿ ಉಳಿದದ್ದು ಒಂದೇ ಕಡೆ: ಯುದ್ಧಕಾಲದಲ್ಲಿ ಪಟ್ಟಾಳದಿಂದ ಮಾತಾಡಿ ಕಳಿಸಿದ್ದ ಗ್ರಾಮಫೋನ್ ಪ್ಲೇಟಿನಲ್ಲಿ.

ಅದಾದರೂ ನೆಟ್ಟಗಿತ್ತೇ? ಬಂದವರಿಗೆಲ್ಲ ಕಾಫಿಯ ಜೊತೆ ಪ್ಲೇಟು ಕೇಳಿಸುವುದು ಆ ಮನೆಯ ಮರ್ಯಾದೆ. ‘ಇನ್ನೊಂದ್ಸಲ ಹಾಕಮ್ಮ’ ಎನ್ನುವುದು ಬಂದವರ ಮರ್ಯಾದೆ! ಅದರಲ್ಲಿ ಒಂದು ಕಡೆ ಭಾವ ಅಕ್ಕನಿಗೆಂದೇ ಏನೋ ಮುದ್ದಿನ ಮಾತು ಹೇಳಿದ್ದರು. ಅತ್ತೆ ಮಾವನ ಎದುರು ಅದು ಕೇಳಿಸಬಹುದೇ? ಆ ಜಾಗ ಬಂದ ಕೂಡಲೇ ಅಕ್ಕ ಗ್ರಾಮಫೋನಿನ ಮುಳ್ಳನ್ನೆತ್ತಿ ಮುಂದಕ್ಕಿಡುತ್ತಿದ್ದಳು. ವರ್ಷಗಟ್ಟಲೆ ಎತ್ತಿ, ಇಟ್ಟು, ಪ್ಲೇಟು ಸರಿಯಾಗಿ ಅಲ್ಲೇ ಗೀರಿಹೋಯಿತು. ಆ ಹಾಳು ನಾಚಿಕೆಯನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಸುಂಟಿಕೊಪ್ಪದ ರೇಡಿಯೋ ರಿಪೇರಿ ಕುಟ್ಟಪ್ಪನಲ್ಲಿಗೆ ಪ್ಲೇಟು ಹಿಡಿದುಕೊಂಡು ಅಕ್ಕ, ಭಾವ, ನಾನು ಮೂವರೂ ಹೋದೆವು. ಎಸ್ಟೇಟ್ ದೊರೆಯೊಬ್ಬ ಊರು ಬಿಡುವಾಗ ಕೊಟ್ಟುಹೋದ ಟೇಪ್ ರೆಕಾರ್ಡರ್ ಅವನಲ್ಲಿತ್ತು. ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದ.

“ಇನ್ನು ಮನೇಲಿ ಹಾಕ್ಬೇಡಿ ಅಮ್ಮ. ಮೇಲಿನ ಪದರ ಏಳ್ತಾ ಉಂಟು. ಹಾಕಿದಷ್ಟೂ ದನಿ ಪುಡಿಯಾಗಿ ಹೋಗ್ತದೆ.”

“ಆ ಗೀರಿರೋ ಜಾಗ ಒಂದು ಸಿಕ್ಕಿದ್ರೆ ಸಾಕು ಕಣಪ್ಪ,” ಎಂದಳು ಅಕ್ಕ.

“ಅದು ಕಡೆಗೆ. ಮೊದ್ಲೇ ಅಲ್ಲಿಗೆ ಹೋದ್ರೆ ಪದರ ಕಿತ್ತು ಬಂದು ಚೆನ್ನಾಗಿರೋದೂ ಹೋಗ್ತದೆ. ಸಿಗೋದನ್ನ ಮೊದ್ಲು ಟೇಪಿಗೆ ಹಿಡಿಯುವ.”

ಗೀರಿನ ಈಚೆಯದು ಬಂತು, ಆಚೆಯದು ಬಂತು. ಅಮ್ಮನ ಮಂಡಿನೋವು, ಎತ್ತಿನ ಸಮಾಚಾರ, ಅಲ್ಲಿಯ ಚಳಿ. ಆಮೇಲೆ ಕುಟ್ಟಪ್ಪ ಮುಳ್ಳಿನ ತೋಳಿಗೆ ದಾರ ಕಟ್ಟಿ, ಭಾರವನ್ನು ತನ್ನ ಕೈಯಲ್ಲೇ ಹಿಡಿದು, ಗೀರಿನ ಮೇಲೆ ಮೆಲ್ಲಗೆ ಇಳಿಸಿದ. ಬರೀ ಗರಗರ. ಮತ್ತೆ ಇಳಿಸಿದ.

“ಕಾಂತೂ...” ಎಂದಿತು ಭಾವನ ದನಿ. ಅಷ್ಟೇ. ಮುಳ್ಳಿನ ಜೊತೆ ಪದರದ ಚೂರು ಎದ್ದು ಬಂತು.

“ಸರ್ವಮಂಗಳ, ಕೈಯಾರೆ ಹಾಳು ಮಾಡ್ಕೊಂಡೆ ಕಣೆ,” ಎಂದು ಅಕ್ಕ ನನ್ನ ಹೆಗಲಿಗೆ ಒರಗಿ ಅತ್ತಳು.

ಕುಟ್ಟಪ್ಪ, ಅಳಿಸಿಹೋದ ಮಾತಿನಷ್ಟು ಜಾಗವನ್ನು ಖಾಲಿ ಬಿಟ್ಟು, ಟೇಪನ್ನು ಕತ್ತರಿಸಿ ಅಂಟಿಸಿ, ಮೊದಲಿನಿಂದ ಹಾಕಿದ. “ಕಾಂತೂ” ಎಂದಾದ ಮೇಲೆ ಸದ್ದಿಲ್ಲ. ಆಗ ಭಾವ ಅಕ್ಕನ ಕೈ ಹಿಡಿದು, ಆ ಖಾಲಿ ಜಾಗದಲ್ಲಿ ತುಟಿ ಆಡಿಸಿದರು. ಅಕ್ಕ ಅದನ್ನೇ ನೋಡುತ್ತಾ ಏನೋ ಗೊಣಗಿದಳು.

“ಆ ಮಾತು ಗೊತ್ತುಂಟಾ ನಿಮಗೆ? ಜೋರಾಗಿ ಹೇಳಿ ಅಮ್ಮ, ಟೇಪಲ್ಲಿ ಜಾಗ ಉಂಟು,” ಎಂದು ಕುಟ್ಟಪ್ಪ ಮೈಕನ್ನು ಮುಂದಿಟ್ಟ.

ಅಂಗಡಿ ತುಂಬ ಜನ. ಅಕ್ಕ ಸೆರಗು ಎಳೆದುಕೊಂಡು ಹೊರಗೆ ಹೋಗುತ್ತಾಳೆಂದೇ ನಾನು ಅಂದುಕೊಂಡೆ. ಅವಳು ಕಣ್ಣೊರೆಸಿಕೊಂಡು, ಗಂಡನ ಮುಖ ಬಿಟ್ಟು ಬೇರೆ ಯಾರನ್ನೂ ನೋಡದೆ ಹೇಳಿದಳು:

“ನೀನಿಲ್ದೆ ಇಲ್ಲಿ ಅನ್ನ ಸೇರಲ್ಲ ಕಣೆ, ಚಿನ್ನ.”